ಮತ್ತೊಮ್ಮೆ ಬೆರಳಿಡಿ

ನನ್ನ ಕೀಲಿಮಣೆಯಲ್ಲಿ ಮೊದಲು ಅಳಿಸಿಹೋದದ್ದು ಎಫ್.
ಆಮೇಲೆ ಎ. ಆಮೇಲೆ ಎನ್‌ನ ಒಂದು ಕಾಲು.
ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡಿನ ಹಿಂದೆ
ಎಂಟಡಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ
ಮದುವೆ ಕಾಗದ, ಕೋಲದ ಆಮಂತ್ರಣ, ಉತ್ತರಕ್ರಿಯೆ,
ಸೊಸೈಟಿಯ ಮಹಾಸಭೆ, ಒಮ್ಮೆ ಕಳೆದುಹೋದ ಬೆಕ್ಕು.
ಹೊಸತು ತಗೊಳ್ಳಿ ಅಕ್ಕ, ಎನ್ನುತ್ತಾನೆ
ಟೋನರ್ ತುಂಬಲು ಬರುವ ಹುಡುಗ.
ಅಕ್ಷರ ಕಾಣದಿದ್ದರೇನು ಮಾರಾಯ,
ಕಣ್ಣು ಎಂದೂ ಇಲ್ಲಿ ಕೆಲಸಕ್ಕೆ ಬಂದದ್ದೇ ಇಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ:
ಕನ್ನಡದಲ್ಲಿ ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಬೇಕು.
ಅಮ್ಮ ಎಂದು ಹೊಡೆಯಲು
ಅ, ಮ, ಎಫ್, ಮತ್ತೊಂದು ಮ.
ತೆರೆಯ ಮೇಲೆ ಎಫ್ ಉಳಿಯುವುದಿಲ್ಲ;
ಒಂದು ಮಕಾರದ ಕಾಲಬುಡಕ್ಕೆ ಇನ್ನೊಂದನ್ನು ಕಟ್ಟಿ
ಎದ್ದು ಹೋಗುತ್ತದೆ.

ನನ್ನ ಅಮ್ಮ ವಾರಿಜ, ಕಟಪಾಡಿಯವಳು,
ನಲವತ್ತೊಂದು ವರ್ಷ ಬೀಡಿ ಕಟ್ಟಿದವಳು.
ತಡ್ಪೆ ಮಡಿಲಲ್ಲಿ, ಕತ್ತರಿ ಬಲಕ್ಕೆ, ಕಿವಿ ರೇಡಿಯೋದಲ್ಲಿ.
ಎಲೆ ಸುತ್ತಿ, ತುದಿ ಮಡಚಿ, ನೂಲು ಎರಡು ಸುತ್ತು.
ದಿನಕ್ಕೆ ಸಾವಿರ; ಬ್ರಾಂಚಿನವರು ಬದಿಗೆಸೆದದ್ದು ಬಿಟ್ಟು
ಒಂಬೈನೂರು ಚಿಲ್ಲರೆ.
ಆ ಚಿಲ್ಲರೆಯಲ್ಲೇ ನಾನು ಟೈಪಿಂಗ್ ಕಲಿತದ್ದು.

ರೇಷನ್ ಅಂಗಡಿಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಯಂತ್ರ,
ಹೊಟ್ಟೆಯಲ್ಲಿ ಕೆಂಪು ಬೆಳಕು.
ಹೆಬ್ಬೆರಳು ಇಟ್ಟಳು. ಮತ್ತೊಮ್ಮೆ ಇಡಿ, ಅಂದಿತು.
ಸೆರಗಿಗೆ ಒರೆಸಿ ಇಟ್ಟಳು. ಎಡಗೈಯದ್ದು ಇಟ್ಟಳು.
ತೆಂಗಿನೆಣ್ಣೆ ಹಚ್ಚಿ ನೋಡಿ, ಎಂದ ಸೇಸಪ್ಪಣ್ಣ.
ಸಾಲಿನ ಹಿಂದಿನಿಂದ ಯಾರೋ ನಿಂಬೆಹುಳಿ ಎಂದರು.
ಹತ್ತು ಬೆರಳೂ ಮುಗಿದ ಮೇಲೆ
ಅಮ್ಮ ಯಂತ್ರವನ್ನು ಬಿಟ್ಟು ಅವನನ್ನೇ ಕೇಳಿದಳು:
ಯಾನ್ ಯಾನೇ ಅತ್ತಾ?
ನಾನು ನಾನೇ ಅಲ್ಲವಾ ಎಂದು.
ಅವಳ ಮದುವೆಯಲ್ಲಿ ಊಟ ಬಡಿಸಿದವನು ಅವನು.
ಹೌದು, ಅಂದ.
ಆದರೆ ಆ ಹೌದನ್ನು ಒಳಗೆ ಕಳಿಸಲು
ಅವನಲ್ಲಿ ಕೀಲಿ ಇರಲಿಲ್ಲ.

ಮರುವಾರ ಸರ್ವೆಯ ಹುಡುಗಿ ಬಂದಳು,
ಕಂಕುಳಲ್ಲಿ ಸ್ಲೇಟಿನಂಥ ಟ್ಯಾಬ್.
ನೀವೇ ಒತ್ತಿ ಅಜ್ಜಿ, ಹೆದರಬೇಡಿ.
ಅಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.
ಆಮೇಲೆ ಒಂದೇ ಬೆರಳು, ಕಾವಲಿ ಕಾದಿದೆಯಾ ನೋಡುವ ಹಾಗೆ.
ಪುಟ ಸರಿಯಿತು.
ಇದಕ್ಕೆ ನನ್ನ ಗುರ್ತ ಉಂಟಾ?
ಇಲ್ಲಮ್ಮ, ಇದಕ್ಕೆ ಯಾರ ಗುರ್ತವೂ ಇಲ್ಲ.
ಮೈಯೊಳಗಿನ ಉಪ್ಪುನೀರು ತಾಗಿದರೆ ಸಾಕು ಗಾಜಿಗೆ,
ಗೆರೆ ಎಣಿಸುವುದಿಲ್ಲ.
ಒಳ್ಳೆಯದು ಪಾಪ, ಅಂದಳು ಅಮ್ಮ,
ಟ್ಯಾಬಿನ ಬೆನ್ನು ಸವರಿ.

ಬೆರಳಿಗೆ ಬದಲು ಕಣ್ಣು ತೋರಿಸಬಹುದಂತೆ,
ಪೊರೆ ತೆಗೆಸಿದ ಮೇಲೆ.
ಮೊನ್ನೆ ಆಸ್ಪತ್ರೆಗೆ ಬಂದವಳು ನನ್ನ ಅಂಗಡಿಯಲ್ಲಿ ಕೂತಳು.
ಮೌಸ್ ಕೊಟ್ಟೆ. ಬಾಲ ಹಿಡಿದು ಎತ್ತಿ
ಸತ್ತಿದೆಯಾ, ಎಂದಳು.
ಕೀಲಿಮಣೆಯ ಮೇಲೆ ಬೆರಳಾಡಿಸಿದಳು, ಅಕ್ಕಿ ಆರಿಸುವ ಹಾಗೆ.
ಅಳಿಸಿಹೋದ ಎಫ್‌ನ ಮೇಲೆ ಕೈ ನಿಂತಿತು.
ಇಲ್ಲೊಂದು ಗೆರೆ ಉಂಟು, ಅಂದಳು.

ಹತ್ತೊಂಬತ್ತು ವರ್ಷ ಅದರ ಮೇಲೇ ಬೆರಳಿಟ್ಟು ಕೂತವಳು
ಬಗ್ಗಿ ನೋಡಿದೆ. ಹೌದು. ನುಚ್ಚಕ್ಕಿಯಷ್ಟು.
ನೋಡದೆ ಹೊಡೆಯುವವರಿಗೆ ಮನೆ ಸಿಗಲಿ ಎಂದು ಇಟ್ಟದ್ದು ಅದು,
ಟೈಪಿಂಗ್ ಮೇಡಂ ಹೇಳಿದ್ದರು ಮೊದಲ ದಿನವೇ.

ಅಷ್ಟರಲ್ಲಿ ಅಮ್ಮ ಒತ್ತಿ ಹಿಡಿದಿದ್ದಾಳೆ.
ಯಾರದೋ ಸೀಮಂತದ ಕಾಗದದ ತುಂಬ
ಒತ್ತಿನ ಚಿಹ್ನೆ, ಒಂದರ ಹಿಂದೊಂದು,
ಕಟ್ಟಲು ಅಕ್ಷರವಿಲ್ಲದೆ,
ಸಂಜೆ ಗುಡಿಸುವ ಮೊದಲು
ತಡ್ಪೆಯ ಸುತ್ತ ಬಿದ್ದಿರುತ್ತಿದ್ದ ನೂಲಿನ ತುಂಡುಗಳ ಹಾಗೆ.

ಅಳಿಸಬೇಕು. ನಾಲ್ಕು ಗಂಟೆಗೆ ಪ್ರಿಂಟ್ ಕೇಳಿದ್ದಾರೆ.
ಈಗ ಮೂರೂವರೆಯಷ್ಟೆ.